ತೋರಣದ ಮೂರನೇ ಷರತ್ತು

ನಮ್ಮ ಸೇಡಂ, ಚಿತ್ತಾಪುರದ ಕಡೆ ಮದುವೆಯ ಸಾರಿಗೆ ಉಪ್ಪು ಕಡಿಮೆಯಾದರೆ ಜನ ಉಂಡು, ಬೈದು, ಮರೆತುಬಿಡುತ್ತಾರೆ. ಬ್ಯಾಂಡಿನವರು ಕೈಕೊಟ್ಟರೂ ಹೇಗೋ ನಡೆದುಹೋಗುತ್ತದೆ. ಆದರೆ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಯಿತೆನ್ನಿ, ಅಲ್ಲಿಗೆ ಮುಗಿಯಿತು. ಹೆಸರು ಇದ್ದೂ ಚಿಕ್ಕಪ್ಪನಿಗಿಂತ ಕೆಳಗಿತ್ತೆನ್ನಿ, ಆತ ಮಂಟಪಕ್ಕೆ ಬರುತ್ತಾನೆ, ಅಕ್ಷತೆ ಹಾಕುತ್ತಾನೆ, ಊಟ ಮಾಡದೇ ಹೋಗುತ್ತಾನೆ. ಊಟ ಮಾಡದೇ ಹೋದ ಸೋದರಮಾವ ಎಂಥ ಅಪಾಯದ ಪ್ರಾಣಿ ಎಂಬುದು ಮದುವೆ ಮಾಡಿದವರಿಗೆಲ್ಲ ಗೊತ್ತಿದೆ.

ವಾಡಿಯ ಲುಂಬಿನಿ ‘ತೋರಣ’ ಎಂಬ ಕಂಪ್ಯೂಟರ್ ಪ್ರೋಗ್ರಾಮು ಬರೆದದ್ದು ಈ ಪ್ರಾಣಿಯ ಭಯದಿಂದಲೇ. ಗುಲಬರ್ಗಾದಲ್ಲಿ ಡಿಪ್ಲೊಮಾ ಮುಗಿಸಿ ಬಂದು, ಸ್ಟೇಷನ್ ರಸ್ತೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ರೈಲು ಹೋದಾಗಲೆಲ್ಲ ಮಾನಿಟರು ನಡುಗುತ್ತಿತ್ತು. ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಕೀಬೋರ್ಡಿಗೆ ಇಳಿಯಬಾರದೆಂದು ಅವಳ ಅವ್ವ ಅನಸುಬಾಯಿ ಹಳೇ ಸೀರೆ ಹರಿದು ಮುಸುಕು ಹೊಲಿದುಕೊಟ್ಟಿದ್ದಳು. ಅಣ್ಣನ ಮದುವೆಯಲ್ಲಿ ಪತ್ರಿಕೆಯ ಹೆಸರಿನ ಸಾಲಿಗಾಗಿ ಮನೆಯಲ್ಲಿ ಆದ ರಂಪ ನೋಡಿ, ಮದುವೆ ಮುಗಿದ ಮೇಲೆ ಲುಂಬಿನಿ ಹಟ ಹಿಡಿದು ಕೂತಳು. ತೋರಣಕ್ಕೆ ನೆಂಟರ ಹೆಸರು, ಸಂಬಂಧ ಕೊಟ್ಟರೆ ಸಾಕು; ಯಾರು ಮೇಲೆ, ಯಾರು ಕೆಳಗೆ ಎಂದು ಅದೇ ಜೋಡಿಸುತ್ತಿತ್ತು. ತಲೆಯ ಮೇಲೆ ಬುದ್ಧ ಬೇಕೋ, ತಿಮ್ಮಪ್ಪ ಬೇಕೋ ಎಂದು ಕೇಳುತ್ತಿತ್ತು. ಸೋದರಮಾವನ ಹೆಸರು ತುಂಬುವ ತನಕ ಮಾತ್ರ, ನೀವು ಏನೇ ಒತ್ತಿರಿ, ಪ್ರಿಂಟು ಕೊಡುತ್ತಿರಲಿಲ್ಲ.

ಇಂಥದ್ದನ್ನು ಬರೆದವಳು ಅದನ್ನು ಮಾರಬಹುದಿತ್ತು. ಮಾರಲಿಲ್ಲ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಯಾರು ಯಾರೋ ತಮ್ಮ ಪ್ರೋಗ್ರಾಮುಗಳನ್ನು ಸೋರ್ಸ್ ಕೋಡ್ ಎಂಬ ಒಳಗಿನ ಬರವಣಿಗೆ ಸಮೇತ ಜಗತ್ತಿಗೆ ಧಾರೆಯೆರೆದಿದ್ದರು. ಅದನ್ನು ನೋಡಿಯೇ ಅವಳು ಕಲಿತದ್ದು. ಹಾಗೆ ಕಲಿತದ್ದನ್ನು ಬಚ್ಚಿಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ತೋರಣವನ್ನೂ ಫ್ಲಾಪಿಗೆ ಹಾಕಿ, ಬರವಣಿಗೆ ಸಮೇತ, ಕೇಳಿದವರಿಗೆಲ್ಲ ಕೊಟ್ಟಳು. ಬಳಸಿರಿ, ತಿದ್ದಿರಿ, ಹಂಚಿರಿ. ಷರತ್ತುಗಳನ್ನೂ ಆ ಸಿ.ಡಿ.ಯಲ್ಲಿದ್ದ ಅಮೆರಿಕದ ಯೂನಿವರ್ಸಿಟಿಯೊಂದರ ಪ್ರೋಗ್ರಾಮಿನಿಂದಲೇ ತೆಗೆದು ಕನ್ನಡಕ್ಕೆ ಇಳಿಸಿದಳು. ಮೊದಲಿನ ಎರಡು, ನಕಲು ಮಾಡಿದಾಗ ಈ ಷರತ್ತುಗಳ ಕಾಗದವೂ ಜೊತೆಗೆ ಹೋಗಲಿ ಎಂಬ ಸಾದಾ ಮಾತು. ಮೂರನೆಯದು ಹೀಗಿತ್ತು: ತೋರಣದ ಬಳಕೆಯನ್ನಾಗಲಿ ಗುಣವನ್ನಾಗಲಿ ಹೇಳಿ ಜಾಹೀರಾತು ಕೊಡುವವರು, ಆ ಜಾಹೀರಾತಿನಲ್ಲಿ ‘ಇದರಲ್ಲಿ ವಾಡಿಯ ಶ್ರೀಮತಿ ಅನಸುಬಾಯಿಯವರ ಮಗಳು ಲುಂಬಿನಿ ಬರೆದ ತೋರಣ ಇದೆ’ ಎಂದು ಹೇಳತಕ್ಕದ್ದು.

ರೈಲ್ವೆ ನೌಕರಿಯಲ್ಲಿದ್ದ ಅಪ್ಪ ಭಗವಂತನ ಹೆಸರು ಯಾಕೆ ಹಾಕಲಿಲ್ಲ ಎಂದು ಕೇಳಿದವರಿದ್ದರು. ಅಪ್ಪನ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿತ್ತು, ಮನೆಯ ಬಾಗಿಲಿನ ಮೇಲಿತ್ತು, ರೈಲ್ವೆಯ ಪಾಸಿನಲ್ಲಿತ್ತು. ಅವ್ವನದು ಎಲ್ಲಿಯೂ ಇರಲಿಲ್ಲ. ಮೊಣಕಾಲು ಹಿಡಿಯುವ ತನಕ ಶಹಾಬಾದದ ಕಡೆಯ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಹೊತ್ತವಳು ಅನಸುಬಾಯಿ. ಅಲ್ಲಿ ದಿನಾ ಮುಂಜಾನೆ ಕೂಲಿಗಳ ಮೇಲಿನ ಮುಕಾದಮ ಹಾಜರಿ ಕೂಗುತ್ತಿದ್ದ. ‘ಅನಸಿ!’ ಎನ್ನುತ್ತಿದ್ದ. ‘ಹಾಜರ್!’ ಎನ್ನುತ್ತಿದ್ದಳು. ಆ ಒಂದು ‘ಅನಸಿ’ ಬಿಟ್ಟರೆ ಆಕೆಯ ಹೆಸರನ್ನು ನಾಲ್ಕು ಜನರ ಮುಂದೆ ಯಾರೂ ಗಟ್ಟಿಯಾಗಿ ಹೇಳಿದ್ದಿಲ್ಲ. ಆಕೆಗೆ ಓದಲು ಬಾರದು, ಅಚ್ಚಿನಲ್ಲಿ ಹೆಸರು ಬಂದರೆ ಆಕೆಯ ಪಾಲಿಗೆ ಅದು ಇರುವೆ ಸಾಲು. ಆದರೆ ನಮ್ಮ ಕಡೆ ಜಾಹೀರಾತು ಎಂದರೆ ಆಟೋಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿ ಕೂಗುವುದು. ಕಿವಿ ಇದ್ದವರಿಗೆಲ್ಲ ಅದು ಕೇಳುತ್ತದೆ.

“ಅವ್ವಾ, ನಿನ್ನ ಹೆಸರು ಮೈಕಿನಾಗ ಬರ್ತದ ನೋಡು,” ಎಂದಿದ್ದಳು ಲುಂಬಿನಿ.

“ನಂದ್ಯಾಕವ್ವ? ನಾ ಏನ್ ಎಲೆಕ್ಷನ್‌ಗೆ ನಿಂತೀನೇನು?” ಎಂದು ಅನಸುಬಾಯಿ ನಕ್ಕಿದ್ದಳು. ನಕ್ಕವಳು, ಅಂದಿನಿಂದ ಸಂಜೆ ಕಟ್ಟೆಯ ಮೇಲೆ ಕೂತು ಪುಂಡಿಪಲ್ಲೆಯ ಸೊಪ್ಪು ಬಿಡಿಸುವಾಗ ರಸ್ತೆಯ ಕಡೆಗೇ ಮುಖ ಮಾಡಿ ಕೂಡತೊಡಗಿದಳು.

ಎರಡು ಸಾವಿರದ ಎರಡನೇ ಇಸವಿ, ಯುಗಾದಿ ಕಳೆದು ಮದುವೆಗಳ ಕಾಲ, ಲಗ್ನಸರಾಯಿ ಜೋರಾಗಿತ್ತು. ಸೇಡಂನಲ್ಲಿ ಪ್ರೆಸ್ಸು ಇಟ್ಟಿದ್ದ ವಿಠ್ಠಲ್‌ರಾವ್ ತೋರಣ ಬಳಸುತ್ತಿದ್ದಾರೆ, ಆಟೋ ಹೊರಡಿಸಿದ್ದಾರೆ ಎಂಬ ಸುದ್ದಿ ಬಂತು. ಮಳಖೇಡ, ಚಿತ್ತಾಪುರ ಸುತ್ತಿಕೊಂಡು ಒಂದು ಸಂಜೆ ಆಟೋ ವಾಡಿಗೂ ಬಂತು. ಮೈಕು ಹಿಡಿದವನು ಶಹಾಬುದ್ದೀನ. ಅವನ ಗಂಟಲಿಗೆ ಸುತ್ತಲಿನ ಯಾವ ಊರಿನಲ್ಲೂ ಜೋಡಿ ಇರಲಿಲ್ಲ.

“ಬರ್ರಿ ಅಣ್ಣಗೋಳ, ಬರ್ರಿ ಅಕ್ಕಗೋಳ! ಸೇಡಂದ ವಿಠ್ಠಲ್ ಪ್ರೆಸ್ಸಿನಾಗ ಕಂಪ್ಯೂಟರ್ ಲಗ್ನಪತ್ರಿಕೆ! ಕನ್ನಡದಾಗ, ಉರ್ದೂದಾಗ, ತೆಲುಗಿನಾಗ! ಮುಂಜಾನೆ ಹೆಸರು ಕೊಡ್ರಿ, ಸಂಜಿಗೆ ಪತ್ರಿಕೆ ಒಯ್ರಿ! ಸೋದರಮಾವನ ಹೆಸರು ಬಿಡಂಗೇ ಇಲ್ಲ, ಕಂಪ್ಯೂಟರ್ ಬಿಡಗೊಡಂಗೇ ಇಲ್ಲ!”

ಅನಸುಬಾಯಿ ಪುಂಡಿಯ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೈ ನಿಲ್ಲಿಸಿದಳು. ಆಟೋ ಎದುರಿಗೆ ಬಂತು, ಅದನ್ನೇ ಮತ್ತೊಮ್ಮೆ ಕೂಗಿತು, ಮುಂದೆ ಹೋಯಿತು.

“ತಿರುಗಿ ಬರೋವಾಗ ಹೇಳ್ತಾನ,” ಎಂದಳು ಮಗಳಿಗೆ.

ತಿರುಗಿ ಬರುವಾಗ ಸಿನಿಮಾ ಹಾಡು ಹಾಕಿಕೊಂಡು ಆಟೋ ಸುಮ್ಮನೆ ಹೋಯಿತು. “ಇರ್ಲಿ ಬಿಡು. ಸಾಕಾಗಿರಬೇಕು ಅವಂಗ, ದಿನಾ ಎಲ್ಲಾ ಒದರಿ ಒದರಿ,” ಎಂದು ಅನಸುಬಾಯಿ ಮತ್ತೆ ಪಲ್ಲೆ ಬಿಡಿಸಲು ಹಿಡಿದಳು. ಆ ಮಾತು ಕೇಳಿ ಲುಂಬಿನಿ ದಡಕ್ಕನೆ ಎದ್ದು ಒಳಗೆ ಹೋದಳು. ಅವ್ವ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವ್ವ ಆ ಆಟೋದವನ ಪರವಾಗಿ ನೆಪ ಹುಡುಕಿದ್ದು ತಡೆಯಲಾಗಲಿಲ್ಲ.

ಮರುದಿನ ಎಸ್.ಟಿ.ಡಿ. ಬೂತಿನಿಂದ ಸೇಡಂಗೆ ಫೋನು ಮಾಡಿದಳು. ವಿಠ್ಠಲ್‌ರಾವ್ ಕೆಟ್ಟ ಮನುಷ್ಯರಲ್ಲ, ಬರೀ ವ್ಯಾಪಾರಿ. “ಹ್ಯಾಂಡ್‌ಬಿಲ್ಲಿನ ಕೆಳಗ ಹಾಕೀನಲ್ಲ ತಂಗಿ, ನೋಡು,” ಎಂದರು. ಹಾಕಿದ್ದರು, ಸಕ್ಕರೆ ಡಬ್ಬಿಯ ಇರುವೆಗೂ ನಾಚಿಕೆಯಾಗುವಷ್ಟು ಸಣ್ಣ ಅಕ್ಷರದಲ್ಲಿ.

“ಮೈಕಿನಾಗ ಯಾಕ ಹೇಳಿಲ್ರಿ ಕಾಕಾ?”

“ಮೈಕು ಎಲ್ಲಿ ಜಾಹೀರಾತು ಆಗ್ತದ? ಅದು ಬರೇ ಒದರೋದು. ಮತ್ತ ಇಂಥಾ ಷರತ್ತೆಲ್ಲ ಕಾನೂನಿನಾಗ ನಡಿಯಂಗಿಲ್ಲ ತಂಗಿ. ಪುಕ್ಕಟೆ ಕೊಟ್ಟೀದಿ, ಪುಕ್ಕಟೆ ತಗೊಂಡೀವಿ.” ಫೋನು ಇಟ್ಟುಬಿಟ್ಟರು.

ಕಾನೂನಿನಲ್ಲಿ ನಡೆಯುತ್ತದೋ ಇಲ್ಲವೋ ಎಂಬುದನ್ನು ತಿಳಿಯಲು ಲುಂಬಿನಿ ರೈಲು ಹತ್ತಿ ಚಿತ್ತಾಪುರಕ್ಕೆ ಹೋದಳು. ಕೋರ್ಟಿನ ಎದುರಿಗೆ ಧೀರೇಂದ್ರ ವಕೀಲರ ಆಫೀಸು. ಹಣೆಯ ಮೇಲೆ ಅಂಗಾರ, ಅಕ್ಷತೆ. ಬೇಸಿಗೆಯಲ್ಲೂ ಕರೀ ಕೋಟು. ಹುಟ್ಟಿದಾಗಿನಿಂದ ಬದುವಿನ ಜಗಳ, ಬಾವಿಯ ಪಾಲು, ಇವನ್ನೇ ನಡೆಸಿ ಬೇಸತ್ತ ಮನುಷ್ಯ. ಲುಂಬಿನಿಯ ಕಾಗದ ಓದುತ್ತ ಓದುತ್ತ ಅವರ ಮುಖ ಹಬ್ಬದ ದಿನದ ಹುಡುಗರ ಮುಖವಾಯಿತು.

“ಏನ್ ಕೇಸ್ ತಂದೀದಿ ತಂಗಿ! ಕುಂದ್ರು, ಕುಂದ್ರು. ಇಂಥಾದ್ದು ಈ ಕೋರ್ಟಿನ ಕಂಪೌಂಡಿನೊಳಗ ಯಾರೂ ಕಂಡಿಲ್ಲ. ಮೊದಲ ಒಂದು ಮಾತು ಹೇಳ್ತೀನಿ, ಖುಷಿ ಪಡು. ಕಾಪಿರೈಟ್ ಕಾಯ್ದೆದಾಗ ಕಂಪ್ಯೂಟರ್ ಪ್ರೋಗ್ರಾಮು ಅಂದ್ರ ಸಾಹಿತ್ಯ. ಅಂದ್ರ ನೀ ಸಾಹಿತಿ!”

ಲುಂಬಿನಿಗೆ ನಿಜಕ್ಕೂ ಖುಷಿಯಾಯಿತು. ಸೋದರಮಾವನ ಹೆಸರು ಕೇಳುವ ಸಾಹಿತ್ಯ ಬರೆದವಳು ತಾನೊಬ್ಬಳೇ ಇರಬೇಕು ಎಂದುಕೊಂಡಳು.

“ಬರದವರು ಇದು ನಂದು ಅಂತ ಹೇಳ್ಕೊಳ್ಳೋ ಹಕ್ಕು ಐವತ್ತೇಳನೇ ಕಲಮಿನಾಗ ಅದ. ಮ್ಯಾಲ ನೀ ಪರವಾನಗಿ ಕೊಟ್ಟೀದಿ, ಷರತ್ತು ಹಾಕಿ ಕೊಟ್ಟೀದಿ. ನಮ್ಮ ಹೊಲದಾಗ ಹಾದು ಹೋಗು, ಖರೆ ಬೇಲಿ ಮುಚ್ಚಿ ಹೋಗು ಅಂದ್ರ, ಬೇಲಿ ತೆರದಿಟ್ಟು ಹೋದಾಂವ ಅತಿಕ್ರಮಣ ಮಾಡಿದಂಗ. ವಿಠ್ಠಲ್‌ರಾವ್ ಷರತ್ತು ಮುರದಾರ, ಪರವಾನಗಿ ಹೋತು!” ಮೇಜು ಗುದ್ದಿದರು. ಆಮೇಲೆ ಎದ್ದು ಬಂದು ಲುಂಬಿನಿಯ ಪಕ್ಕದ ಕುರ್ಚಿಯಲ್ಲಿ ಕೂತು, ತಾವು ಈಗಷ್ಟೇ ಬಿಟ್ಟುಬಂದ ಖಾಲಿ ಕುರ್ಚಿಗೆ ಕೈ ಮಾಡಿ ವಾದಿಸತೊಡಗಿದರು. “ಈಗ ನಾ ವಿಠ್ಠಲ್‌ರಾವ್‌ರ ವಕೀಲ. ಸ್ವಾಮೀ, ನಾವು ಎಲ್ಲಿ ಸಹಿ ಮಾಡೀವಿ? ಕಾಪಿರೈಟ್ ಅಂದ್ರ ನಕಲಿಗೆ ಸಂಬಂಧಪಟ್ಟದ್ದು. ನಕಲು ಸರಿಯಾಗೇ ಮಾಡೀವಿ. ಬಜಾರದಾಗ ನಾವು ಏನ್ ಒದರ್ತೀವಿ ಅನ್ನೋದು ಬ್ಯಾರೆ ಮಾತು. ಹೆಸರು ಒದರಲಿಲ್ಲ ಅಂತ ಈ ಬಾಯಿಯವರಿಗೆ ಏನ್ ಲುಕ್ಸಾನು ಆತು?”

“ಅವ್ವ ಕಟ್ಟೀ ಮ್ಯಾಲ ಕುಂತಿದ್ಲ್ರಿ,” ಎಂದಳು ಲುಂಬಿನಿ.

ವಕೀಲರು ವಾದ ನಿಲ್ಲಿಸಿ ಅವಳನ್ನು ನೋಡಿದರು. ಎದ್ದು ತಮ್ಮ ಕುರ್ಚಿಗೆ ಹೋದರು. “ನನಗ ತಿಳದ ಮಟ್ಟಿಗೆ ಈ ದೇಶದ ಯಾವ ಕೋರ್ಟೂ ಇಂಥಾ ಷರತ್ತಿನ ಮ್ಯಾಲ ಇನ್ನೂ ತೀರ್ಪು ಹೇಳಿಲ್ಲ. ಆ ಅಮೆರಿಕದ ಯೂನಿವರ್ಸಿಟಿಯವರ ಹಂಗ ಯಾರರ…”

“ಅವ್ರು ಮೂರು ವರ್ಷದ ಹಿಂದ ತಮ್ಮ ಷರತ್ತು ತಗದೇ ಹಾಕ್ಯಾರಂತ್ರಿ. ನನ್ನ ಹಂತ್ಯಾಕ ಇದ್ದ ಸಿ.ಡಿ. ಹಳೇದು. ನನಗ ಆಮ್ಯಾಗ ಗೊತ್ತಾತು.”

“ತಗೀಲಿ! ಅವರು ತಮ್ಮದು ತಗದ್ರ ನಿಂದು ಹೋಗಂಗಿಲ್ಲ. ನಿಂದು ನೀನs ತಗೀಬೇಕು. ಖರೆ ಒಂದು ಕೇಳು. ನಿನ್ನ ಪ್ರೋಗ್ರಾಮು ಸೋದರಮಾವ ಇಲ್ದೆ ನಡಿಯಂಗಿಲ್ಲ. ನಿಮ್ಮ ಹೆಸರು ಇಲ್ದೆ ನಡೀಬಾರದು ಅಂತ ಅದರಾಗೇ ಯಾಕ ಬರೀಲಿಲ್ಲ?”

“ಬರವಣಿಗಿನೇ ಕೊಟ್ಟೀನಲ್ರಿ, ಬ್ಯಾಡಾದವರು ಕಿತ್ತಿ ಒಗೀತಾರ. ಮತ್ತ ಬಡದು ಹೇಳಸಿದ್ರ ಅದು ಹೆಸರು ಹೇಳಿದಂಗ ಆಗ್ತದೇನ್ರಿ?”

ಧೀರೇಂದ್ರ ಕಾಗದ ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಗೆಲ್ಲುವ ಸಂಭವ ಹೆಚ್ಚು. ಆದರೆ ಇಂಥ ದಾವೆ ಗುಲಬರ್ಗಾದ ಜಿಲ್ಲಾ ಕೋರ್ಟಿಗೆ ಹೋಗಬೇಕು, ವರ್ಷಗಟ್ಟಲೆ ನಡೆಯುತ್ತದೆ. ಕೊನೆಗೆ ಕೋರ್ಟು ‘ತೋರಣ ಬಳಸಬೇಡ’ ಎಂದು ವಿಠ್ಠಲ್‌ರಾವ್‌ಗೆ ಹೇಳೀತು. ‘ಮೈಕಿನಲ್ಲಿ ಅನಸುಬಾಯಿಯ ಹೆಸರು ಕೂಗು’ ಎಂದು ಹೇಳುವುದು ಕಷ್ಟ.

“ಬಳಸಬ್ಯಾಡ್ರಿ ಅಂತ ಹೇಳ್ಳಿಕ್ಕೆ ನಾ ಬಂದಿಲ್ರಿ. ಬಳಸ್ಲಿ ಅಂತನ ಕೊಟ್ಟಿದ್ದು.”

“ಹಂಗಾರ ಒಂದು ನೋಟೀಸು ಕಳಸೂಣು. ನೋಟೀಸು ನೋಡಿ ಮಂದಿ ಮೆತ್ತಗ ಆಗ್ತಾರ. ಮುಂದಿನ ಸಲ ಅವ್ವನ್ನೂ ಕರಕೊಂಡು ಬಾ.”

ವಿಠ್ಠಲ್‌ರಾವ್ ನೋಟೀಸು ಕೈಗೆ ಬಂದರೂ ಮೆತ್ತಗಾಗಲಿಲ್ಲ, ಆಟೋ ಸಮೇತ ಚಿತ್ತಾಪುರಕ್ಕೇ ಬಂದರು. ಜೊತೆಗೆ ಶಹಾಬುದ್ದೀನ. ಅವತ್ತು ಅನಸುಬಾಯಿಯೂ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕೋರ್ಟಿನ ಮುಂದಿನ ಬೇವಿನ ಗಿಡದ ಕೆಳಗೆ ಸುತ್ತಲಿನ ಹಳ್ಳಿಯ ಜನ ತಾರೀಖಿಗೆ ಕಾಯುತ್ತ ಕೂತಿದ್ದರು.

“ವಕೀಲ ಸಾಹೇಬ್ರ, ನೀವು ಬರೇ ವಾಡಿಯ ಹೆಸರು ಬರದೀರಿ,” ಎಂದರು ವಿಠ್ಠಲ್‌ರಾವ್ ಆಫೀಸಿನ ಮೆಟ್ಟಿಲ ಮೇಲೆ ನಿಂತೇ. “ಈಗ ತೋರಣ ಇವರೊಬ್ಬರದೇ ಉಳದದೇನು? ಶಹಾಬಾದದಾಕಿ ಉರ್ದೂ ಸೇರ್ಸ್ಯಾಳ. ಚಿಂಚೋಳಿಯಾಕಿ ತೆಲುಗು ಸೇರ್ಸ್ಯಾಳ. ಸುಲೇಪೇಟದಾಂವ ಮತ್ತೇನೋ ತಿದ್ದ್ಯಾನ. ಎಲ್ಲಾರೂ ಇವರನ್ನ ನೋಡಿ ತಮತಮ್ಮದೊಂದು ಮೂರನೇ ಷರತ್ತು ಹಾಕ್ಯಾರ. ಎಲ್ಲಾ ಹೇಳಿದ್ರ ಹ್ಯಾಂಗಾಗ್ತದ, ನೀವs ಕೇಳ್ರಿ. ಶಹಾಬುದ್ದೀನ, ಓದು!”

ಮಾತು ಸುಳ್ಳಲ್ಲ. ತೋರಣ ಹೊರಬಿದ್ದ ಮೇಲೆ ಬಸ್ಸಿನಲ್ಲಿ, ರೈಲಿನಲ್ಲಿ ಫ್ಲಾಪಿಗಳು ಓಡಾಡಿದ್ದವು. ಸೋದರಮಾವ ಇಲ್ಲದ ಮದುಮಗನೊಬ್ಬ ಸುಲೇಪೇಟದಲ್ಲಿ ಆ ಜಾಗದಲ್ಲಿ ‘ಇಲ್ಲ’ ಎಂದು ಒತ್ತಿದ್ದಕ್ಕೆ, ಪತ್ರಿಕೆಯಲ್ಲಿ ‘ಸೋದರಮಾವಂದಿರಾದ ಶ್ರೀ ಇಲ್ಲ ಇವರು’ ಎಂದು ಅಚ್ಚಾಗಿ ಊರೆಲ್ಲ ಹಂಚಿಹೋಗಿತ್ತು. ಅದನ್ನು ತಿದ್ದಿದವನು ಕಪಿಲ. ತಿದ್ದಿದ್ದು ಎರಡು ಸಾಲು, ಷರತ್ತು ಬರೆದದ್ದು ಒಂದು ಪುಟ.

ಶಹಾಬುದ್ದೀನ ಆಟೋದಲ್ಲಿ ಕೂತು ಮೈಕು ತಟ್ಟಿದ. ಇತ್ತೀಚೆಗೆ ಸೇರಿದವರು ಕಾಗದದಲ್ಲಿ ಮೇಲಿದ್ದರು, ಲುಂಬಿನಿ ಎಲ್ಲರಿಗಿಂತ ಕೆಳಗೆ. “ಬರ್ರಿ ಅಣ್ಣಗೋಳ, ಬರ್ರಿ ಅಕ್ಕಗೋಳ! ಸೇಡಂದ ವಿಠ್ಠಲ್ ಪ್ರೆಸ್ಸಿನ ಲಗ್ನಪತ್ರಿಕೆ! ಇದರಾಗ ಸುಲೇಪೇಟದ ಭಾಗಮ್ಮನವರ ಮೊಮ್ಮಗ ಕಪಿಲ ತಿದ್ದಿದ ಭಾಗ ಅದ! ಕಪಿಲಗ ಕಂಪ್ಯೂಟರ್ ಮುಟ್ಟಗೊಟ್ಟ ಹೈಸ್ಕೂಲ್ ಗುರುಗಳ ಆಶೀರ್ವಾದ ಅದ! ಫ್ಲಾಪಿ ಮಡಚದಂಗ ತಂದುಕೊಟ್ಟ ಕಂಡಕ್ಟರ್ ಮಶಾಕ್‌ಭಾಯಿಯವರ ಉಪಕಾರ ಅದ! ಚಿಂಚೋಳಿಯ ಸುಮಿತ್ರಾಬಾಯಿಯವರ ಸೊಸೆ ಶ್ರೀವಾಣಿ ಬರದ ತೆಲುಗು ಅದ! ಶ್ರೀವಾಣಿ ಬರೀಲಿಕತ್ತಾಗ ಮನಿ ಅಡಗಿ ತಾವs ಮಾಡಿದ ಅದೇ ಸುಮಿತ್ರಾಬಾಯಿಯವರ ಕೈಗುಣ ಅದ!”

ಗಿಡದ ಕೆಳಗಿದ್ದವರು ಒಬ್ಬೊಬ್ಬರೇ ಎದ್ದು ಬಂದರು. “ಅಯ್ಯ, ಕಪಿಲ ಅಂದ್ರ ನಮ್ಮ ಭಾಗಮ್ಮನ ಮೊಮ್ಮಗ!” ಎಂದು ಸುಲೇಪೇಟದ ಕಡೆಯ ಒಬ್ಬ ರುಮಾಲು ಎತ್ತಿ ಹಾರಿಸಿದ. ಅಡುಗೆ ಮಾಡಿದ ಅತ್ತೆಯ ಹೆಸರಿಗೆ ಹೆಂಗಸರು ಚಪ್ಪಾಳೆ ತಟ್ಟಿದರು. ಶಹಾಬುದ್ದೀನನಿಗೆ ಹುರುಪು ಬಂತು. “ಶಹಾಬಾದದ ಪೀರಮ್ಮನವರ ಮೊಮ್ಮಗಳು ನೂರಜಹಾನ್ ಬರದ ಉರ್ದೂ ಅದ! ಬಲದಿಂದ ಎಡಕ್ಕ ಬರೀಬೇಕು, ಹುಡುಗಾಟ ಅಲ್ಲ! ಮತ್ತ ಇದರಾಗ ವಾಡಿಯ ಶ್ರೀಮತಿ…”

ಅನಸುಬಾಯಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಅಷ್ಟರಲ್ಲಿ ಕೋರ್ಟಿನ ಜವಾನ ಓಡಿಬಂದ. “ಬಂದ್ ಮಾಡ್ರೋ! ಒಳಗ ಸಾಹೇಬ್ರು ಕುಂತಾರ! ಸಾಕ್ಷಿ ಹೇಳೋದು ಒಂದಕ್ಷರ ಕೇಳವಲ್ದು!” ಮೈಕು ಗಕ್ಕನೆ ನಿಂತಿತು. ಅನಸುಬಾಯಿ ಎತ್ತಿದ್ದ ಮುಖವನ್ನು ಹಾಗೇ ಕೆಳಗಿಳಿಸಿದಳು. ಲುಂಬಿನಿಗೆ ಜವಾನನನ್ನು ಕೊಂದುಬಿಡಬೇಕು ಎನ್ನಿಸಿತು.

“ಕೇಳಿದ್ರೆಲ್ಲ?” ಎಂದರು ವಿಠ್ಠಲ್‌ರಾವ್ ಒಳಗೆ ಬಂದು. “ಸೇಡಂ ಬಿಟ್ಟು ಮಳಖೇಡ ದಾಟಿದ್ರೂ ಹೆಸರೇ ಮುಗಿಯಂಗಿಲ್ಲ. ನನ್ನ ಪ್ರೆಸ್ಸಿನ ಹೆಸರು ಯಾವಾಗ ಹೇಳ್ಲಿ? ಮತ್ತ ಇನ್ನೊಂದು. ತಂಗಿ, ನಿನ್ನ ಕ್ಲಾಸಿನ ಮುಂದ ಬೋರ್ಡು ಅದ. ‘ತೋರಣ ಇಲ್ಲಿ ಉಚಿತ, ಕನ್ನಡ, ಉರ್ದು, ತೆಲುಗು’ ಅಂತ ಬರದೀದಿ. ನೂರಜಹಾನ್ ಹೆಸರು ಎಲ್ಲದ? ಶ್ರೀವಾಣಿ ಹೆಸರು ಎಲ್ಲದ?”

ಲುಂಬಿನಿ ಕೈಯಲ್ಲಿದ್ದ ನೋಟೀಸಿನ ನಕಲನ್ನು ಕೆಳಗಿಟ್ಟಳು. ಬೋರ್ಡು ಬರೆಸಿದಾಗ ಅದು ತಲೆಗೇ ಬಂದಿರಲಿಲ್ಲ. ಇನ್ನೊಬ್ಬರ ತಪ್ಪು ಹಿಡಿದು ಕೋರ್ಟಿನ ತನಕ ಬಂದವಳು, ತನ್ನ ಬಾಗಿಲ ಮೇಲೇ ಅದೇ ತಪ್ಪು ನೇತುಹಾಕಿಕೊಂಡಿದ್ದಳು. ವಕೀಲರ ಕಡೆ ನೋಡಿದಳು. ಅವರು ಚಾವಣಿ ನೋಡುತ್ತಿದ್ದರು.

“ಕಾನೂನಿನ ಪ್ರಕಾರ,” ಎಂದರು ಮೆಲ್ಲಗೆ, “ನೂರಜಹಾನೂ ನಿನಗ ಒಂದು ನೋಟೀಸು ಕಳಸಬಹುದು. ನಾನs ಬರದುಕೊಡ್ತೀನಿ, ಕೇಳಿದ್ರ.”

ಅನಸುಬಾಯಿ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಈಗ ಮಗಳನ್ನು ಕೇಳಿದಳು, “ಆ ನೂರಜಹಾನ್‌ನ ಅಜ್ಜಿ ಪೀರಮ್ಮನೂ ಕಟ್ಟೀ ಮ್ಯಾಲ ಕುಂತು ಕೇಳಾಕತ್ತಿರಬೇಕಲ್ಲವ್ವ? ನಿನ್ನ ಬೋರ್ಡು ಆಕಿಗೂ ಓದಾಕ ಬರಂಗಿಲ್ಲ ಬಿಡು. ಆದ್ರೂ.”

ಲುಂಬಿನಿ ಅತ್ತಳು. ಎಲ್ಲರ ಮುಂದೆ ಅತ್ತಳು, ನಾಚಿಕೆಪಡದೆ. ಆಮೇಲೆ ಮೂಗೊರೆಸಿಕೊಂಡು ವಕೀಲರ ಹತ್ತಿರ ಬಿಳಿಹಾಳೆ ಕೇಳಿ, ತೋರಣದ ಮೇಲಿನ ತನ್ನ ಮೂರನೇ ಷರತ್ತನ್ನು ಇಂದಿನಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದು ಸಹಿ ಮಾಡಿದಳು. ಯಾರೂ ಅವಳಿಗೆ ಹಾಗೆ ಮಾಡು ಎಂದಿರಲಿಲ್ಲ. ಧೀರೇಂದ್ರ ವಕೀಲರಿಗಂತೂ ಎದೆ ಒಡೆದುಹೋಯಿತು. ಜನ್ಮದಲ್ಲಿ ಒಮ್ಮೆ ಬಂದ ಕೇಸು, ಕಣ್ಣೆದುರಿಗೇ ಸತ್ತಿತು. ವಿಠ್ಠಲ್‌ರಾವ್ ಗೆದ್ದವರು, ಆದರೆ ಗೆದ್ದವರ ಮುಖ ಇರಲಿಲ್ಲ. ಅನಸುಬಾಯಿಗೆ ಎರಡು ಸಲ ನಮಸ್ಕಾರ ಮಾಡಿ ಹೊರಗೆ ಹೋದರು. ಹೊರಗೆ ಸುಲೇಪೇಟದ ರುಮಾಲಿನವನು ಅವರ ಅಂಗಿ ಹಿಡಿದು, ‘ನಮ್ಮ ಕಪಿಲ ತಿದ್ದಿದ ಪತ್ರಿಕೆನೇ ಬೇಕು’ ಎಂದು ಮಗಳ ಮದುವೆಯ ಹೆಸರುಗಳನ್ನು ಅಲ್ಲೇ ಬರೆಸತೊಡಗಿದ್ದ.

ಸಂಜೆಯ ಪ್ಯಾಸೆಂಜರಿನಲ್ಲಿ ಅವ್ವ ಮಗಳು ವಾಡಿಗೆ ಮರಳಿದರು. ಕಿಟಕಿಯಾಚೆ ತೊಗರಿ ಕೊಯ್ದು ಖಾಲಿಯಾದ ಕರೀ ಹೊಲಗಳು. “ಮೈಕು ಭಾಳ ಗಟ್ಟಿ ಅದ ಅಲ್ಲ?” ಎಂದಳು ಅನಸುಬಾಯಿ. “ಶ್ರೀಮತಿ ಅಂದ ನೋಡು, ಅಲ್ಲೀತನಕ ಕೇಳ್ತು. ಅದು ನಾನs ಅಲ್ಲ?”

“ನೀನs ಅವ್ವ.”

“ಅಷ್ಟು ಸಾಕು ಬಿಡು,” ಎಂದು ಆಕೆ ಶೇಂಗಾ ಒಡೆದು ಮಗಳ ಕೈಗೆ ಹಾಕಿದಳು.

ಲುಂಬಿನಿ ಮೊದಲು ಮಾಡಿದ ಕೆಲಸವೆಂದರೆ, ಬಣ್ಣದ ಡಬ್ಬಿ ತಂದು ತಾನೇ ಏಣಿ ಹತ್ತಿ ಬೋರ್ಡಿನ ಮೇಲೆ ನೂರಜಹಾನ್, ಶ್ರೀವಾಣಿ, ಕಪಿಲರ ಹೆಸರನ್ನು, ಅಜ್ಜಿ ಅತ್ತೆಯರ ಸಮೇತ, ಬರೆದದ್ದು. ಬೋರ್ಡು ತುಂಬಿ ಕಂಡಕ್ಟರ್ ಮಶಾಕನ ಹೆಸರು ಗೋಡೆಗೆ ಇಳಿಯಿತು. ಷರತ್ತು ತೆಗೆದ ಹೊಸ ಫ್ಲಾಪಿಗಳನ್ನು ಎಲ್ಲರಿಗೂ ಕಳಿಸಿದಳು. ನೂರಜಹಾನ್ ಮತ್ತು ಶ್ರೀವಾಣಿ ತಮ್ಮ ಷರತ್ತನ್ನೂ ತೆಗೆದರು. ಕಪಿಲ ಮಾತ್ರ ಒಂದಿಷ್ಟು ದಿನ ಮುನಿಸಿಕೊಂಡಿದ್ದು, ಆಮೇಲೆ ತೆಗೆದ. ಈಗ ತೋರಣ ಪೂರಾ ಸ್ವತಂತ್ರ. ಯಾರು ಏನು ಬೇಕಾದರೂ ಕೂಗಬಹುದು, ಕೂಗದೆಯೂ ಇರಬಹುದು.

ಲಗ್ನಸರಾಯಿ ಇನ್ನೂ ಮುಗಿದಿರಲಿಲ್ಲ. ಒಂದು ಸಂಜೆ ಕ್ಲಾಸಿನ ಮುಂದೆ ಅದೇ ಆಟೋ ಬಂದು ನಿಂತಿತು. ಮೈಕು ಬಂದಾಗಿತ್ತು. ಇಳಿದವರು ವಿಠ್ಠಲ್‌ರಾವ್, ಅವರ ಹಿಂದೆ ಕರೀ ಕೋಟು ಸಾವರಿಸಿಕೊಳ್ಳುತ್ತ ಧೀರೇಂದ್ರ ವಕೀಲರು.

“ತಂಗಿ, ನನ್ನ ಕುತ್ತಿಗಿಗೆ ತಂದಿಟ್ಟಿ ನೋಡು ನೀ,” ಎಂದರು ವಿಠ್ಠಲ್‌ರಾವ್.

“ನಾ ಏನ್ ಮಾಡೀನ್ರಿ ಕಾಕಾ? ಷರತ್ತು ತಗದೀನಲ್ಲ!”

“ಷರತ್ತು ನೀ ತಗದಿ. ಮಂದಿ ಬಿಡವಲ್ಲರು! ಅವತ್ತು ಕೋರ್ಟಿನ ಮುಂದ ಕೇಳಿದಾವ್ರು ಊರೂರಿಗೆ ಹೋಗಿ ಹೇಳ್ಯಾರ. ಸುಲೇಪೇಟದಾಗ ಆಟೋ ಅಡ್ಡಗಟ್ಟಿ, ನಮ್ಮ ಕಪಿಲನ ಹೆಸರು ಹೇಳು, ಆಮ್ಯಾಗ ಮುಂದ ಹೋಗು ಅಂದ್ರು. ಚಿಂಚೋಳಿಯಾಗ ಸುಮಿತ್ರಾಬಾಯಿ ತಾವs ಚಹಾದ ಕಪ್ಪು ಹಿಡಕೊಂಡು ಬಾಗಲಾಗ ನಿಂತಿದ್ರು. ಶಹಾಬಾದದಾಗ ಆ ಪೀರಮ್ಮ ಮುದುಕಿ ಶಹಾಬುದ್ದೀನಗ ಗುಲ್ಗುಲೆ ತಿನ್ಸಿ ಮೂರು ಸಲ ಹೇಳಿಸ್ಯಾಳ. ಹೆಸರು ಬಿಟ್ಟ ಊರಾಗ ಒಬ್ಬರೂ ಪತ್ರಿಕೆ ಹಾಕಸಂಗಿಲ್ಲ!” ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಅವರ ಮುಖ ನೋಡಿದರೆ ಸಂಕಟಪಟ್ಟವರ ಹಾಗೆ ಕಾಣುತ್ತಿರಲಿಲ್ಲ. “ಎಲ್ಲಾ ಊರಾಗ ಎಲ್ಲಾ ಹೆಸರು ಆಗಂಗಿಲ್ಲ. ಯಾ ಊರಿಗೆ ಹೋಗ್ತೀವೋ ಆ ಊರಿನ ಹೆಸರು. ಹಂಗ ಮಾಡೀವಿ.”

“ನೀವು ಯಾಕ ಬಂದ್ರಿ ವಕೀಲ ಸಾಹೇಬ್ರ?” ಎಂದು ಲುಂಬಿನಿ ಕೇಳಿದಳು.

“ನೋಡ್ಲಿಕ್ಕೆ ಬಂದೀನಿ. ಕಾಯ್ದೆ ಪುಸ್ತಕ ಎಲ್ಲಾ ತಿರುವಿ ಹಾಕಿದ್ರೂ ನನಗ ಇದು ಸಿಕ್ಕಿರಲಿಲ್ಲ,” ಎಂದರು ಧೀರೇಂದ್ರ, ಮೇಷ್ಟ್ರಿಂದ ಬೈಸಿಕೊಂಡ ಹುಡುಗನ ಹಾಗೆ ನಗುತ್ತ. “ಮತ್ತ ನಮ್ಮ ಮಗಳು ಶುಭಾಂದು ಲಗ್ನ ಅದ. ಆಕಿಗೆ ಸೋದರಮಾವಂದಿರು ನಾಕು ಮಂದಿ. ಯಾರನ್ನ ಮ್ಯಾಲ ಹಾಕಬೇಕು ಅಂತ ತೋರಣಕ್ಕ ಕೇಳ್ಬೇಕು.”

ಅನಸುಬಾಯಿಯ ಮನೆ ಅಲ್ಲಿಂದ ಒಂದು ಓಣಿಯಾಚೆ. ಲುಂಬಿನಿ ಕ್ಲಾಸಿನ ಬಾಗಿಲು ತೆರೆದಿಟ್ಟೇ ಓಡಿದಳು. ಆಟೋ ಹಿಂದಿನಿಂದ ಬಂತು. ಅನಸುಬಾಯಿ ಕಟ್ಟೆಯ ಮೇಲೆ ಕೂತು ಪುಂಡಿಪಲ್ಲೆ ಬಿಡಿಸುತ್ತಿದ್ದಳು, ಈಗ ಗೋಡೆಯ ಕಡೆಗೆ ಮುಖ ಮಾಡಿ. ಆಟೋದ ಸಪ್ಪಳ ಕೇಳಿಯೂ ತಿರುಗಲಿಲ್ಲ.

ಶಹಾಬುದ್ದೀನ ಆಟೋ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಮೈಕು ಬಾಯಿಗೆ ಹಿಡಿದ. ಪ್ರೆಸ್ಸಿನ ಹೆಸರು ಮೊದಲು ಹೇಳಲಿಲ್ಲ. ವಿಠ್ಠಲ್‌ರಾವ್ ತಡೆಯಲೂ ಇಲ್ಲ.

“ವಾಡಿಯ ಅಣ್ಣಗೋಳ, ಅಕ್ಕಗೋಳ! ಕಂಪ್ಯೂಟರ್ ಲಗ್ನಪತ್ರಿಕೆ! ಇದರಾಗ ನಿಮ್ಮೂರಿನ, ಈ ಓಣಿಯ, ಶ್ರೀಮತಿ ಅನಸುಬಾಯಿಯವರ ಮಗಳು ಲುಂಬಿನಿ ಬರದ ತೋರಣ ಅದ! ಶ್ರೀಮತಿ! ಅನಸುಬಾಯಿಯವರು!”

ಆ ಹೆಸರು ಓಣಿ ದಾಟಿ, ಸ್ಟೇಷನ್ನಿನ ತಗಡಿಗೆ ಬಡಿದು, ತಿರುಗಿ ಬಂತು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು. ಗಂಡ ಭಗವಂತ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದು, ಹೆಂಡತಿಯನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಅನಸುಬಾಯಿ ತಟ್ಟನೆ ಎದ್ದು ನಿಂತಳು. ಮಡಿಲಲ್ಲಿದ್ದ ಪುಂಡಿಪಲ್ಲೆ ಎಲ್ಲ ಕಟ್ಟೆಯ ಮೇಲೆ ಚೆಲ್ಲಿತು. ಗಣಿಯಲ್ಲಿ ಎಷ್ಟೋ ವರ್ಷ ದಿನಾ ಮುಂಜಾನೆ ನಿಂತ ಹಾಗೆ ನೆಟ್ಟಗೆ ನಿಂತು, ಬಲಗೈ ಮೇಲೆತ್ತಿ, ಓಣಿಯ ಆಚೆ ತುದಿಗೂ ಕೇಳುವಂತೆ ಕೂಗಿದಳು.

“ಹಾಜರ್!”

ಓಣಿಗೆ ಓಣಿಯೇ ನಕ್ಕಿತು. ಲುಂಬಿನಿ ನಗುತ್ತ ಅಳುತ್ತ ಚೆಲ್ಲಿದ ಪಲ್ಲೆ ಆರಿಸತೊಡಗಿದಳು. “ಹಾಜರ್ ಅದಾರಂತ್ರಿ!” ಎಂದು ಶಹಾಬುದ್ದೀನ ಮೈಕಿನಲ್ಲಿ ಊರಿಗೆಲ್ಲ ಹೇಳಿದ. ಅನಸುಬಾಯಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕು, ಆಮೇಲೆ ಸೆರಗು ತೆಗೆದು, “ಇನ್ನೊಮ್ಮೆ ಹೇಳೋ ತಮ್ಮಾ,” ಎಂದಳು.